ಆರುನೂರ ಹದಿಮೂರು

"ಎರಡು ಮಿಲಿಸೆಕೆಂಡ್," ಎಂದಳು ಅವಳು, ಪರದೆಯಿಂದ ಕಣ್ಣು ತೆಗೆಯದೆ. "ಇದು ಆಗೋ ಮಾತೇ ಅಲ್ಲ ಸಾರ್."

ಇನ್‌ಸ್ಪೆಕ್ಟರ್ ಗೋಡೆಗೆ ಒರಗಿ ನಿಂತು ಪೆನ್ಸಿಲಿನ ತುದಿ ಕಚ್ಚುತ್ತಿದ್ದರು. ಸಿಗರೇಟು ಬಿಟ್ಟ ಮೇಲೆ ಅವರು ದಿನಕ್ಕೆ ಎರಡು ಪೆನ್ಸಿಲ್ ತಿಂದು ಹಾಕುತ್ತಾರೆಂದು ಠಾಣೆಯಲ್ಲಿ ಮಾತು. "ಬೇಗ ಆದ್ರೆ ಒಳ್ಳೇದೇ ಅಲ್ವಾ ಮಿಲಿ ಮೇಡಂ? ನಮ್ಮ ಠಾಣೆ ಕಂಪ್ಯೂಟರು ಹೀಗಿದ್ದಿದ್ರೆ ನಾನೂ ಹೊತ್ತಿಗೆ ಸರಿಯಾಗಿ ಮನೆ ಸೇರ್ತಿದ್ದೆ."

'ಮಿಲಿ ಮೇಡಂ' ಅವರೇ ಇಟ್ಟ ಹೆಸರು. ಕಂಪ್ಯೂಟರಿನೊಳಗಿನ ಕಳ್ಳತನಗಳನ್ನು ಪತ್ತೆ ಮಾಡಲು ಪೊಲೀಸರು ಕರೆಸುವ ಈ ಹೆಂಗಸು ಮಾತೆತ್ತಿದರೆ ಮಿಲಿಸೆಕೆಂಡ್ ಅನ್ನುತ್ತಾಳೆ. ಹೆಸರು ಅಂಟಿಕೊಳ್ಳಲು ಅಷ್ಟು ಸಾಕಾಯಿತು.

ನಿನ್ನೆ, ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ, ಗಂಡನ ಕಾಟದಿಂದ ಓಡಿಬಂದ ಹೆಂಗಸರನ್ನು ಕಾಯುವ ಈ ಆಶ್ರಯ ಕಚೇರಿಯವರು ಗುಟ್ಟಾಗಿ ಇರಿಸಿದ್ದ ಮನೆಯ ಬಾಗಿಲನ್ನು ಒಬ್ಬ ಗಂಡಸು ಒದ್ದು ಮುರಿದಿದ್ದ. ಒಳಗಿದ್ದವಳು ಅವನ ಹೊಡೆತ ತಾಳಲಾರದೆ ಓಡಿಬಂದಿದ್ದ ಹೆಂಡತಿ, ಒಬ್ಬ ದರ್ಜಿ. ಎಂಟು ವರ್ಷದ ಮಗಳನ್ನು ಎತ್ತಿಕೊಂಡು ಅಡುಗೆಮನೆಯ ಕಿಟಕಿಯಿಂದ ಹಾರಿ ಜೀವ ಉಳಿಸಿಕೊಂಡಿದ್ದಳು. ತಾಯಿ ಮಗಳು ಈಗ ಠಾಣೆಯಲ್ಲಿ ಕೂತಿದ್ದಾರೆ. ಇವತ್ತು ಸಂಜೆ ಐದಕ್ಕೆ ಅವರನ್ನು ಇನ್ನೊಂದು ಗುಟ್ಟಿನ ಮನೆಗೆ ಕಳಿಸಬೇಕು. ತೊಂದರೆ ಏನೆಂದರೆ, ಆ ಮನೆಯ ವಿಳಾಸವೂ ಇರುವುದು ಇದೇ ಡೇಟಾಬೇಸಿನಲ್ಲಿ.

ಗೋಡೆಯ ಗಡಿಯಾರ ಎರಡೂ ಹತ್ತು ತೋರಿಸುತ್ತಿತ್ತು.

"ಮೆಮೊರಿ ಅಂದ್ರೆ ನಿಮ್ಮ ಮೇಜು ಅನ್ಕೊಳ್ಳಿ," ಎಂದಳು ಅವಳು. "ಡಿಸ್ಕ್ ಅಂದ್ರೆ ಕೆಳಗಡೆ ಉಗ್ರಾಣ. ಯಾರಾದ್ರೂ ಒಂದು ಕಾಗದ ಕೇಳಿದ್ರೆ ಡೇಟಾಬೇಸ್ ಮೊದಲು ಮೇಜು ನೋಡುತ್ತೆ. ಅಲ್ಲಿದ್ರೆ ತಕ್ಷಣ ಕೊಡುತ್ತೆ. ಇಲ್ದಿದ್ರೆ ಉಗ್ರಾಣಕ್ಕೆ ಇಳಿದು ತಂದು, ಮೇಜಿನ ಮೇಲಿಟ್ಟು, ಆಮೇಲೆ ಕೊಡುತ್ತೆ. ಇಳಿದು ಹತ್ತೋದೇ ನಿಧಾನ."

"ಅಲ್ಲಿವರೆಗೆ ತಲೆಗೆ ಹೋಯ್ತು."

"ನಿನ್ನೆ ಕರೆಂಟ್ ಕೆಲಸ ಇತ್ತು ಅಂತ ಸರ್ವರ್ ಆರಿಸಿ, ಒಂಬತ್ತು ಗಂಟೆಗೆ ಮತ್ತೆ ಶುರು ಮಾಡಿದ್ದಾರೆ. ಆರಿಸಿದ್ರೆ ಮೇಜು ಪೂರ್ತಿ ಖಾಲಿ. ಹನ್ನೆರಡೂ ಹತ್ತಕ್ಕೆ ಈ ಕಚೇರಿ ನಿರ್ದೇಶಕಿಯವರು ನಿಮ್ಮ ಕಣ್ಣೆದುರಿಗೇ ದರ್ಜಿ ವಿಳಾಸ ತೆಗೆದ್ರಲ್ಲ?"

"ತೆಗೆದ್ರು. ನಾನು ಪಕ್ಕದಲ್ಲೇ ನಿಂತಿದ್ದೆ."

"ಯಾರು ಯಾವಾಗ ಏನು ತೆಗೆದ್ರು ಅಂತ ಬರ್ಕೊಳ್ಳೋ ಲಾಗ್ ಪ್ರಕಾರ ಆ ವಿಳಾಸದ ಟೇಬಲನ್ನ, ಅಂದ್ರೆ ಡೇಟಾಬೇಸಿನ ಆ ಪಟ್ಟೀನ, ಮೂರು ವಾರದಿಂದ ಯಾರೂ ಮುಟ್ಟಿಲ್ಲ. ಹಾಗಾದ್ರೆ ಅದರ ಹದಿನಾಲ್ಕು ಪುಟಾನೂ ಉಗ್ರಾಣದಿಂದ ಬರಬೇಕಿತ್ತು. ಒಂದೂ ಬಂದಿಲ್ಲ, ಎರಡೇ ಮಿಲಿಸೆಕೆಂಡಲ್ಲಿ ಮುಗಿದಿದೆ. ಹದಿನಾಲ್ಕಕ್ಕೆ ಹದಿನಾಲ್ಕೂ ಮೇಜಿನ ಮೇಲೇ ಇದ್ವು."

ಪೆನ್ಸಿಲ್ ಬಾಯಿಂದ ಹೊರಬಂತು. "ಅಂದ್ರೆ ಒಂಬತ್ತು ಗಂಟೆ ಆದ್ಮೇಲೆ ಯಾರೋ ಅದನ್ನ ತೆಗೆದು ಓದಿದ್ದಾರೆ."

"ಓದಿ, ಲಾಗ್‌ನಲ್ಲಿದ್ದ ತಮ್ಮ ಗುರುತು ಅಳಿಸಿದ್ದಾರೆ. ಮೇಜಿನ ಮೇಲೆ ಪುಟ ಉಳಿಯುತ್ತೆ ಅನ್ನೋದು ಅವರಿಗೆ ಗೊತ್ತಿಲ್ಲ. ಆ ಹದಿನಾಲ್ಕು ಪುಟದಲ್ಲಿ ಬರೀ ದರ್ಜಿ ಮನೆ ಇಲ್ಲ ಸಾರ್. ನಲವತ್ತೊಂದು ಮನೆಗಳಿವೆ."

ಇನ್‌ಸ್ಪೆಕ್ಟರ್ ಗಡಿಯಾರದ ಕಡೆ ನೋಡಿದರು.

ಬೇರೆ ದಿನವಾಗಿದ್ದರೆ ಇಂಥ ಸುಳಿವು ಸಿಕ್ಕಾಗ ಅವಳು ಕೈ ಉಜ್ಜಿಕೊಳ್ಳುತ್ತಿದ್ದಳು, ಎದ್ದು ಒಂದು ಸುತ್ತು ಓಡಾಡುತ್ತಿದ್ದಳು, ಇನ್‌ಸ್ಪೆಕ್ಟರನ್ನು ಎರಡು ಮಾತು ರೇಗಿಸುತ್ತಿದ್ದಳು. ಇವತ್ತು ಕುರ್ಚಿಗೆ ಅಂಟಿಕೊಂಡೇ ಕೂತಿದ್ದಳು. ಲಾಗ್ ಅಳಿಸುವ ಅಧಿಕಾರ ಈ ಕಚೇರಿಯಲ್ಲಿ ಇದ್ದದ್ದು ಒಬ್ಬನಿಗೇ, ಇಲ್ಲಿಯ ಡೇಟಾಬೇಸ್ ನೋಡಿಕೊಳ್ಳುವವನಿಗೆ. ಬೆಳಿಗ್ಗೆ ಹತ್ತಕ್ಕೆ ಅವನು ಬಾಗಿಲು ತೆರೆದು ಎದುರು ನಿಂತಾಗ ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಿದ್ದಳು. ಆರು ವರ್ಷದಿಂದ ಮುಖ ನೋಡದ ಒಡಹುಟ್ಟಿದ ತಮ್ಮ.

"ಬನ್ನಿ ಮೇಡಂ," ಅಂದಿದ್ದ ಅವನು, ಯಾರೋ ಹೊರಗಿನವರಿಗೆ ಹೇಳುವಂತೆ. ಅವಳೂ "ನಮಸ್ಕಾರ" ಅಂದುಬಿಟ್ಟಿದ್ದಳು. ಇವನು ನನ್ನ ತಮ್ಮ ಎಂದು ಇನ್‌ಸ್ಪೆಕ್ಟರಿಗೆ ಹೇಳಲು ಅರ್ಧ ನಿಮಿಷ ಸಾಕಿತ್ತು. ನಾಲ್ಕು ಗಂಟೆ ಕಳೆದರೂ ಆ ಅರ್ಧ ನಿಮಿಷ ಅವಳಿಗೆ ಕೂಡಿಬಂದಿರಲಿಲ್ಲ.

ಮೇಜಿನ ಮೇಲಿನ ಫೋನ್ ಬಡಿದುಕೊಂಡಿತು. ಎರಡನೇ ರಿಂಗಿಗೇ ಎತ್ತಿದಳು. ಗಂಡನ ಫೋನ್ ಅವಳು ಯಾವತ್ತೂ ಮೂರನೇ ರಿಂಗಿಗೆ ಬಿಟ್ಟವಳಲ್ಲ.

"ಊಟ ಆಯ್ತಾ?"

"ಇನ್ನೂ ಇಲ್ಲ ರೀ."

"ಡಬ್ಬಿ ಆರಿಹೋಗುತ್ತೆ, ಮೊದಲು ತಿನ್ನು. ಆಮೇಲೆ ತಮ್ಮನ ಹತ್ರ ಜೋರಾಗಿ ಮಾತಾಡ್ಬೇಡ, ಪಾಪ."

ತಮ್ಮ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳ ಮುಖ ಬಿಸಿಯಾಯಿತು. ಎಲ್ಲಿ ಇನ್‌ಸ್ಪೆಕ್ಟರಿಗೆ ಕೇಳಿಸಿತೋ ಎಂದು ಗಾಬರಿಯಾಗಿ, "ಸರಿ ರೀ, ಇಡ್ತೀನಿ," ಎಂದು ಫೋನ್ ಇಟ್ಟಳು. ನಾಚಿಕೆಪಟ್ಟವರಿಗೆ ಕಿವಿ ಸೂಕ್ಷ್ಮ, ಬುದ್ಧಿ ಮಂದ. ಅದರ ಫಲ ಆಮೇಲೆ ಗೊತ್ತಾಗಲಿದೆ.

"ಕರೆಸಿ ಅವನನ್ನ," ಎಂದರು ಇನ್‌ಸ್ಪೆಕ್ಟರ್.

ತಮ್ಮ ಬಂದು ಸರ್ವರ್ ಕಪಾಟಿನ ಪಕ್ಕ ನಿಂತ. ಕೂದಲು ಕಿವಿಯ ಮೇಲೆ ಬೆಳ್ಳಗಾಗಿತ್ತು. ಅವನಿಗೆ ಇನ್ನೂ ಮೂವತ್ತೈದು.

"ನಿನ್ನೆ ಸರ್ವರ್ ಶುರುವಾದ್ಮೇಲೆ ಮೊದಲು ಏನು ಮಾಡಿದ್ರಿ?"

"ಬಿಸಿ ಮಾಡಿದೆ ಸಾರ್."

"ಏನು, ಚಹಾನಾ?"

"ಮೆಮೊರೀನ. ಖಾಲಿ ಮೆಮೊರಿ ಇದ್ರೆ ಬೆಳಿಗ್ಗೆ ಬಂದೋರಿಗೆಲ್ಲ ನಿಧಾನ ಆಗುತ್ತೆ. ಅದಕ್ಕೇ ಜನ ಬರೋಕೆ ಮೊದಲು ಹೆಚ್ಚು ಬಳಸೋ ಟೇಬಲ್‌ಗಳನ್ನ ನಾನೇ ಒಂದೊಂದಾಗಿ ಓದಿಸಿಬಿಡ್ತೀನಿ. ಎಲ್ಲ ಮೆಮೊರಿಗೆ ಬಂದು ಕೂತಿರುತ್ತೆ. ನಿನ್ನೆ ಒಂಬತ್ತೂ ಇಪ್ಪತ್ತಕ್ಕೆ ಮುಗಿಸಿದೆ."

ಅವಳು ತಲೆ ತಗ್ಗಿಸಿದಳು. ಆ ಅಭ್ಯಾಸ ಅವನಿಗೆ ಹಿಡಿಸಿದವಳು ಅವಳೇ. ಹಳೆಯ ಆಸ್ಪತ್ರೆ ಕೆಲಸದಲ್ಲಿ ಅಕ್ಕ ತಮ್ಮ ಇಬ್ಬರೂ ಎಲ್ಲರಿಗಿಂತ ಒಂದು ಗಂಟೆ ಮೊದಲು ಹೋಗಿ, ಒಬ್ಬರು ಟೇಬಲಿನ ಹೆಸರು ಓದುವುದು, ಇನ್ನೊಬ್ಬರು ಒತ್ತುವುದು ಮಾಡುತ್ತಿದ್ದರು.

"ಅಲ್ಲಿಗೆ ಮುಗೀತಲ್ಲ," ಎಂದರು ಇನ್‌ಸ್ಪೆಕ್ಟರ್. "ವಿಳಾಸದ ಪುಟ ಮೇಜಿನ ಮೇಲೆ ತಂದಿಟ್ಟವರು ಇವರೇ."

"ನಾನು ಅದನ್ನ ಓದಿಸಲ್ಲ ಸಾರ್. ಪಟ್ಟಿ ಅಲ್ಲೇ ಗೋಡೆ ಮೇಲಿದೆ, ಹನ್ನೆರಡು ಟೇಬಲ್. ವಿಳಾಸದ್ದು ಅದರಲ್ಲಿಲ್ಲ. ಅಂಥದ್ದು ಸುಮ್ಮನೆ ಮೆಮೊರಿಯಲ್ಲಿ ಬಿದ್ದಿರಬಾರದು ಅಂತ ಬೇಕಂತಲೇ ಬಿಟ್ಟಿದ್ದೀನಿ."

"ಪಟ್ಟಿ ಬರೆದವರೂ ನೀವೇ ತಾನೇ?"

ತಮ್ಮ ಅವಳ ಕಡೆ ತಿರುಗಿ ಹೇಳಿದ: "ಮೇಡಂ, ನನ್ನ ಮೇಜಿನ ಹಳೇ ಕಂಪ್ಯೂಟರ್‌ನಲ್ಲಿ ಒಂದು ಟಿಪ್ಪಣಿ ಇದೆ. ಕಾಲು ಗಂಟೆಗೊಂದು ಸಲ ಸರ್ವರ್ ಮೆಮೊರಿ ಎಷ್ಟಿದೆ, ಯಾವ ಸೆಟ್ಟಿಂಗ್ ಎಷ್ಟಿದೆ ಅಂತ ತಾನೇ ಬರ್ಕೊಳ್ಳುತ್ತೆ. ಅದು ಇರೋದು ನನಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ನೋಡಿ."

ಅವಳು ತೆರೆದು ನೋಡಿದಳು. ಒಂಬತ್ತೂ ಕಾಲು, ಎಲ್ಲ ಸರಿ. ಒಂಬತ್ತೂವರೆ, ಎಲ್ಲ ಸರಿ. ಒಂಬತ್ತೂ ಮುಕ್ಕಾಲಕ್ಕೆ ಸರ್ವರಿನಲ್ಲಿ ಉಳಿದ ಮೆಮೊರಿ ಹೆಚ್ಚುಕಡಿಮೆ ಸೊನ್ನೆ. ಹತ್ತಕ್ಕೆ ಮತ್ತೆ ಎಲ್ಲ ಸರಿ. ಹೊರಗಿನ ಹಾಲಿನ ಗುಮಾಸ್ತೆಯರು ಬೆಳಿಗ್ಗೆ ಹೇಳಿದ್ದು ನೆನಪಾಯಿತು. ನಿನ್ನೆ ಕಾಲು ಗಂಟೆ ಹೊತ್ತು ಎಲ್ಲರ ಪರದೆಯ ಮೇಲೂ ಬರೀ ಚಕ್ರ ತಿರುಗುತ್ತಿತ್ತಂತೆ.

ಒಂಬತ್ತೂ ಮುಕ್ಕಾಲಿನ ಸಾಲಿನಲ್ಲಿ ಇನ್ನೊಂದು ಅಂಕಿ ಇತ್ತು. ವಿಂಗಡಣೆಗೆ, ಅಂದರೆ ಕೇಳಿದ ಮಾಹಿತಿಯನ್ನು ಸಾಲಾಗಿ ಜೋಡಿಸಲು ಕೊಡುವ ಮೆಮೊರಿ, ಯಾವಾಗಲೂ ನಾಲ್ಕು ಎಂಬಿ ಇರುವ ಜಾಗದಲ್ಲಿ, ೬೧೩.

ಆರು ವರ್ಷ ಯಾವ ಅಂಕಿ ಕಣ್ಣಿಗೆ ಬೀಳದಿರಲಿ ಎಂದು ಬೇಡಿಕೊಂಡಿದ್ದಳೋ ಅದೇ ಅಂಕಿ. ಈ ಕಸುಬಿನವರು ನಾಲ್ಕು, ಎಂಟು, ಹದಿನಾರು, ಅರವತ್ತನಾಲ್ಕು ಎಂದು ಹಾಕುತ್ತಾರೆ. ಆರುನೂರ ಹದಿಮೂರು ಎಂದು ಹಾಕುವ ಹುಚ್ಚಿ ಪ್ರಪಂಚದಲ್ಲಿ ಒಬ್ಬಳೇ. ತಮ್ಮ ಬೇಕಂತಲೇ ಹಾಕಿದ್ದಾನೆ, ನನ್ನ ಮುಖಕ್ಕೆ ಹಿಡಿಯಲು ಹಾಕಿದ್ದಾನೆ ಎಂದುಕೊಂಡಳು.

"ಈ ಸಂಖ್ಯೆ ಯಾಕೋ ಹಾಕಿದೆ?" ಬಾಯಿಂದ ಬಂದೇಬಿಟ್ಟಿತು. "ಸೇಡು ತೀರಿಸ್ಕೊಳ್ಳೋಕೆ ಆ ಮಗು ಇದ್ದ ಮನೇನೇ ಬೇಕಿತ್ತಾ ನಿನಗೆ?"

ಇನ್‌ಸ್ಪೆಕ್ಟರ್ ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದರು. "ಯಾಕೋ? ನಿನಗೆ? ಬೆಳಿಗ್ಗೆ ನಮಸ್ಕಾರ ಅಂದ್ರಲ್ಲ ಮೇಡಂ ಇವರಿಗೆ?"

"ನನ್ನ ತಮ್ಮ ಸಾರ್," ಎಂದಳು. ದನಿ ಅವಳಿಗೇ ಕೇಳಿಸದಷ್ಟು ಸಣ್ಣದಾಗಿತ್ತು.

"ಯಾವ ಸಂಖ್ಯೆ?" ತಮ್ಮ ಮುಂದೆ ಬಂದು ಪರದೆಗೆ ಬಗ್ಗಿದ. ಹುಬ್ಬು ಗಂಟಿಕ್ಕಿತು. "ಆರುನೂರ ಹದಿಮೂರಾ? ಇದೇನಿದು? ಇದನ್ನ ನಾನು ಹಾಕಿಲ್ಲ. ಇಂಥ ಸಂಖ್ಯೆ ಯಾರಾದ್ರೂ ಹಾಕ್ತಾರಾ?"

ಅವಳು ಅವನ ಕಣ್ಣನ್ನೇ ನೋಡಿದಳು. ಚಿಕ್ಕಂದಿನಲ್ಲಿ ಸುಳ್ಳು ಹೇಳಿದಾಗೆಲ್ಲ ಅವನ ಎಡಗಣ್ಣು ಅದುರುತ್ತಿತ್ತು. ಈಗ ಅದುರಲಿಲ್ಲ. ಅವನಿಗೆ ಸಂಖ್ಯೆ ಗೊತ್ತೇ ಇರಲಿಲ್ಲ. ಮೇಲಾಗಿ, ಟಿಪ್ಪಣಿ ತೋರಿಸಿದವನೇ ಅವನು. ತಪ್ಪು ಮಾಡಿದವನು ಅದನ್ನು ತೋರಿಸುತ್ತಿದ್ದನೇ?

"ನಿಮಗೆ ಈ ಸಂಖ್ಯೆ ಗುರುತು ಸಿಕ್ಕಿದ್ದು ಹೇಗೆ?" ಇನ್‌ಸ್ಪೆಕ್ಟರ್ ದನಿಯಲ್ಲಿ ತಮಾಷೆ ಇರಲಿಲ್ಲ.

ಗಡಿಯಾರ ಎರಡೂ ಐವತ್ತು. ಸುಮ್ಮನಿದ್ದರೆ ತಮ್ಮನನ್ನು ಕರೆದುಕೊಂಡು ಹೋಗುತ್ತಾರೆ, ನಿಜವಾದ ಕಳ್ಳ ಹೊರಗಿರುತ್ತಾನೆ, ಐದಕ್ಕೆ ತಾಯಿ ಮಗಳು ಅವನ ಬಾಯಿಗೇ ಹೋಗಿ ಬೀಳುತ್ತಾರೆ. ಹೇಳಿದರೆ ಆರು ವರ್ಷ ಕಟ್ಟಿಕೊಂಡ ಮರ್ಯಾದೆ ಮಣ್ಣುಪಾಲು. ಲೆಕ್ಕ ಕಷ್ಟದ್ದೇನಲ್ಲ, ಆದರೂ ಬಾಯಿ ತೆರೆಯಲು ಅವಳಿಗೆ ಒಂದು ಲೋಟ ನೀರು ಬೇಕಾಯಿತು.

"ಆಸ್ಪತ್ರೇಲಿ ನಾನು ಡೇಟಾಬೇಸ್ ಮುಖ್ಯಸ್ಥೆ ಆಗಿದ್ದೆ ಸಾರ್. ಇವನು ನನ್ನ ಕೈಕೆಳಗೆ. ಒಂದು ವರದಿ ಯಾವಾಗ್ಲೂ ಆಮೆ ಥರ ನಡೀತಿತ್ತು. ವಿಂಗಡಿಸೋಕೆ ಮೆಮೊರಿ ಸಾಲದೆ ಡಿಸ್ಕ್ ಮೇಲೆ ಬರೆದು ಬರೆದು ಓದ್ತಿತ್ತು. ಒಂದು ಭಾನುವಾರ ಒಬ್ಬಳೇ ಕೂತು ವಿಂಗಡಣೆ ಮೆಮೊರಿ ಏರಿಸಿದೆ. ಆರುನೂರು ಬೇಕಿತ್ತು. ಮೇಲೆ ಹದಿಮೂರು ಹಾಕಿದ್ದು ನನ್ನ ಹುಚ್ಚು, ಅದು ನಮ್ಮ ಮದುವೆ ತಾರೀಖು. ವರದಿ ಚಿಟಿಕೆ ಹೊಡೆಯೋದ್ರಲ್ಲಿ ಬಂತು. ಬೀಗ್ತಾ ಮನೆಗೆ ಹೋದೆ."

"ಆಮೇಲೆ?"

"ಆ ಮೆಮೊರಿ ಇಡೀ ಸರ್ವರ್‌ಗೆ ಒಂದು ಸಲ ಕೊಡೋದಲ್ಲ. ವಿಂಗಡಿಸೋ ಒಬ್ಬೊಬ್ಬರಿಗೂ ಅಷ್ಟಷ್ಟು. ಭಾನುವಾರ ಇದ್ದಿದ್ದು ನಾನೊಬ್ಬಳೇ, ಗೊತ್ತಾಗ್ಲಿಲ್ಲ. ಸೋಮವಾರ ಇನ್ನೂರು ಜನ ಕೂತರು. ಇರೋ ಮೆಮೊರಿ ಎಲ್ಲ ಅವರೇ ಹಂಚ್ಕೊಂಡು ತಿಂದ್ಬಿಟ್ರು. ಎರಡು ಗಂಟೆ ಆಸ್ಪತ್ರೆಗೆ ಕಣ್ಣು ಕಾಣ್ಲಿಲ್ಲ. ಆಪರೇಷನ್‌ಗಳು ನಿಂತ್ವು. ಯಾರೂ ಸಾಯ್ಲಿಲ್ಲ, ಅದು ಅವರ ಪುಣ್ಯ, ನಂದಲ್ಲ." ಅವಳು ಲೋಟ ಕೆಳಗಿಟ್ಟಳು. "ಗೊತ್ತಾದ ಕೂಡ್ಲೆ ಸಂಖ್ಯೆ ಇಳಿಸಿ, ಲಾಗ್‌ನಲ್ಲಿ ಅದನ್ನ ಹಾಕಿದ್ದ ಸಾಲೇ ಅಳಿಸಿಬಿಟ್ಟೆ. ವಿಚಾರಣೆಯವರಿಗೆ ಏನೂ ಸಿಗ್ಲಿಲ್ಲ. ಅವತ್ತು ಡ್ಯೂಟೀಲಿ ಇದ್ದೋನು ಇವನು. ಕೆಲಸ ಹೋಯ್ತು. ಸರಿಮಾಡಿದ್ದಕ್ಕೆ ನನಗೆ ಮೆಚ್ಚುಗೆ ಪತ್ರ ಕೊಟ್ರು. ಈಗಲೂ ಮನೇಲಿ ತೂಗುಹಾಕಿದ್ದೀನಿ."

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ನೆಲ ಹಾಗೆಲ್ಲ ಉಪಕಾರ ಮಾಡುವುದಿಲ್ಲ.

"ನನಗೆ ಗೊತ್ತಿತ್ತು ಅಕ್ಕ," ಎಂದ ತಮ್ಮ.

ಅವಳು ತಲೆಯೆತ್ತಿದಳು.

"ಅವತ್ತು ಬ್ಯಾಟರಿ ರೂಮ್ ನೋಡ್ಕೊಂಡು ಬಾ ಅಂತ ನನ್ನನ್ನ ಕೆಳಗೆ ಕಳಿಸಿದೆ. ಮೇಲೆ ಬರೋಷ್ಟರಲ್ಲಿ ಎಲ್ಲ ಸರಿಹೋಗಿತ್ತು. ನಿನ್ನ ಮುಖ ನೋಡಿದೆ, ಅರ್ಥ ಆಯ್ತು. ಸಂಖ್ಯೆ ಮಾತ್ರ ಗೊತ್ತಿರ್ಲಿಲ್ಲ. ನೀನಾಗೇ ಒಂದು ಮಾತು ಹೇಳ್ತೀಯ ಅಂತ ಹದಿನೈದು ದಿನ ಕಾದೆ. ಆಮೇಲೆ ಎರಡು ವರ್ಷ ಮನೆಮನೆಗೆ ನೀರಿನ ಕ್ಯಾನ್ ಹೊತ್ತೆ. ನಿಮ್ಮ ಬೀದಿಗೂ ಬರ್ತಿದ್ದೆ. ನಿಮ್ಮ ಮನೆ ಬಿಟ್ಟು ಪಕ್ಕದ ಮನೆಗೆ ಹಾಕಿ ಹೋಗ್ತಿದ್ದೆ."

"ನೀನು ಯಾಕೆ ಯಾರಿಗೂ ಹೇಳ್ಲಿಲ್ಲ?"

"ಅಮ್ಮ ಆಗಿನ್ನೂ ಇದ್ಲಲ್ಲ."

ಅವಳು ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಕಣ್ಣೀರು ಮಣಿಕಟ್ಟಿಗೆ ಇಳಿಯಿತು. ಕ್ಷಮಿಸು ಎಂಬ ಮಾತು ನಾಲಿಗೆಯವರೆಗೆ ಬಂದು, ಅಷ್ಟು ದೊಡ್ಡ ತಪ್ಪಿಗೆ ಇಷ್ಟು ಚಿಕ್ಕ ಮಾತೇ ಎಂದು ಹಿಂದೆ ಸರಿಯಿತು.

ಇನ್‌ಸ್ಪೆಕ್ಟರ್ ಕೆಮ್ಮಿದರು. ಒಳ್ಳೆಯ ಮನುಷ್ಯ, ಆದರೆ ಕೆಲಸದ ಮನುಷ್ಯ. "ಆಮೇಲೆ ಅಳಿ ಮೇಡಂ, ಈಗ ಐದು ಗಂಟೆಗೆ ಹೆಚ್ಚು ಹೊತ್ತಿಲ್ಲ. ಕಳ್ಳ ಆ ಸಂಖ್ಯೆ ಯಾಕೆ ಹಾಕಬೇಕು?"

"ಇಲ್ಲಿ ಹೆಂಗಸರ ನಿಜವಾದ ಹೆಸರು ಒಂದು ಕಡೆ, ಇಲ್ಲಿಟ್ಟ ಹೆಸರು ಇನ್ನೊಂದು ಕಡೆ, ಮನೆ ಮತ್ತೊಂದು ಕಡೆ," ಎಂದಳು ಅವಳು, ಮೂಗು ಒರೆಸಿಕೊಳ್ಳುತ್ತಾ. "ಹತ್ತು ವರ್ಷದ ಕಾಗದ ಎಲ್ಲ ಜೋಡಿಸಿ ವಿಂಗಡಿಸಬೇಕು. ನಾಲ್ಕು ಎಂಬೀಲಿ ಅರ್ಧ ಗಂಟೆ ಹಿಡಿಯುತ್ತೆ, ಡಿಸ್ಕ್ ಮೇಲೆ ತುಂಬ ಗುರುತೂ ಉಳಿಯುತ್ತೆ. ಅದಕ್ಕೆ ಏರಿಸಿದ್ದಾನೆ. ಡೇಟಾಬೇಸ್ ಬಲ್ಲೋನು ತನಗೊಬ್ಬನಿಗೆ ಮಾತ್ರ ಏರಿಸ್ಕೊಳ್ತಿದ್ದ. ಇವನು ಎಲ್ಲರಿಗೂ ಏರಿಸಿ, ನನ್ನ ಹಾಗೇ ಇಡೀ ಕಚೇರಿ ನಿಲ್ಲಿಸಿದ್ದಾನೆ. ಇವನಿಗೆ ಈ ವಿದ್ಯೆ ಗೊತ್ತಿಲ್ಲ. ಯಾರೋ ಹೇಳಿದ್ದನ್ನ ಕೇಳಿಸ್ಕೊಂಡು, ಹಾಗೇ ಮಾಡಿದ್ದಾನೆ."

"ನನ್ನ ಪಾಸ್‌ವರ್ಡ್ ಇನ್ನೊಬ್ಬರ ಹತ್ರಾನೂ ಇದೆ," ಎಂದ ತಮ್ಮ. "ಬೆಳಿಗ್ಗೆಯಿಂದ ಹೇಳೋಕೆ ನೋಡ್ತಿದ್ದೀನಿ, ಇವರು ಬಾಯಿ ಬಿಡೋಕೆ ಬಿಟ್ರೆ ತಾನೇ. ಸರ್ವರ್ ಮಾರಿದ ಕಂಪನಿಯೋರು. ಏನಾದ್ರೂ ಕೆಟ್ರೆ ಅವರ ಆಫೀಸಿಂದಲೇ ಒಳಗೆ ಬಂದು ಸರಿಮಾಡ್ತಾರೆ. ಅವರಿಗೆ ಬೇರೆ ಪಾಸ್‌ವರ್ಡ್ ಮಾಡಿಕೊಡಿ ಅಂತ ಮೂರು ಸಲ ಬರೆದುಕೊಟ್ಟೆ, ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ. ನಿನ್ನೆ ಕರೆಂಟ್ ಬಂದ್ಮೇಲೆ ಯಂತ್ರ ನೋಡ್ತೀವಿ ಅಂತ ಒಂಬತ್ತೂವರೆಗೆ ಹಾಗೇ ಅಲ್ಲಿಂದಲೇ ಒಳಗೆ ಬಂದಿದ್ರು."

"ಯಾವ ಕಂಪನಿ?"

ತಮ್ಮ ಸರ್ವರ್ ಕಪಾಟಿನ ಬಾಗಿಲು ತೆರೆದ. ಬಾಗಿಲ ಒಳಬದಿಗೆ ಅಂಟಿಸಿದ್ದ ಕಂಪನಿಯ ಚೀಟಿ ಕಂಡಿತು. ನೀಲಿ ಚೌಕ, ಅದರೊಳಗೆ ಬಿಳಿ ಕೊಡೆ.

ಆ ಕೊಡೆಯನ್ನು ಅವಳು ವಾರಕ್ಕೆ ಆರು ಸಲ ಇಸ್ತ್ರಿ ಮಾಡುತ್ತಾಳೆ. ಗಂಡನ ಅಂಗಿಯ ಜೇಬಿನ ಮೇಲೆ.

ಅವನಿಗೆ ಯಂತ್ರ ಗೊತ್ತು, ತಂತಿ ಗೊತ್ತು. ಡೇಟಾಬೇಸ್ ಬಗ್ಗೆ ಗೊತ್ತಿರುವುದು ಅವಳು ಹೇಳಿದ್ದಷ್ಟೇ. ಆರು ವರ್ಷದ ಹಿಂದೆ ಒಂದು ವಾರ ಊಟ ಬಿಟ್ಟು ಕೂತಿದ್ದಾಗ, ಏನಾಯಿತು ಹೇಳು ಎಂದು ತಲೆ ಸವರಿ ಕೇಳಿದ್ದ. ಒಂದನ್ನೂ ಬಿಡದೆ ಹೇಳಿದ್ದಳು. ಸಂಖ್ಯೆಯನ್ನೂ. ಹದಿಮೂರು ಎಂದಾಗ ಅವನು ಸಣ್ಣಗೆ ನಕ್ಕಿದ್ದ.

ಅವನಲ್ಲ, ಆ ಕಂಪನಿಯಲ್ಲಿ ನೂರು ಜನರಿದ್ದಾರೆ ಎಂದು ಮನಸ್ಸು ಒಂದು ಕ್ಷಣ ಹೊಯ್ದಾಡಿತು. ಅಷ್ಟರಲ್ಲಿ ಮಧ್ಯಾಹ್ನದ ಫೋನ್ ನೆನಪಾಯಿತು. ತಮ್ಮನ ಹತ್ರ ಜೋರಾಗಿ ಮಾತಾಡ್ಬೇಡ. ತಮ್ಮ ಇಲ್ಲಿದ್ದಾನೆಂದು ಅವಳಿಗೇ ತಿಳಿದದ್ದು ಬೆಳಿಗ್ಗೆ ಹತ್ತಕ್ಕೆ. ಗಂಡನಿಗೆ ಅವಳು ಹೇಳಿರಲಿಲ್ಲ.

"ಆ ಸಂಖ್ಯೆ ನೀವು ಯಾರಿಗೆ ಹೇಳಿದ್ರಿ?" ಇನ್‌ಸ್ಪೆಕ್ಟರ್ ಪುಸ್ತಕ ತೆಗೆದರು. "ವಿಳಾಸ ಹೇಳಿ."

ಒಮ್ಮೆ ಬಾಯಿ ಮುಚ್ಚಿಕೊಂಡು ತಮ್ಮನನ್ನು ಕಳೆದುಕೊಂಡವಳು ಈ ಸಲ ಬಾಯಿ ತೆರೆದಳು. ಬೀದಿ ಹೇಳಿದಳು, ಮನೆ ಸಂಖ್ಯೆ ಹೇಳಿದಳು, ಎರಡನೇ ಮಹಡಿ ಎಂದಳು. ಇನ್‌ಸ್ಪೆಕ್ಟರ್ ಅರ್ಧ ಬರೆದು ನಿಲ್ಲಿಸಿದರು. ಹೋದ ಭಾನುವಾರ ಅವರು ಆ ಮನೆಯಲ್ಲಿ ಊಟ ಮಾಡಿದ್ದರು. ಬಲವಂತ ಮಾಡಿ ಮಾಡಿ ಬಡಿಸಿದವನು ಅವಳ ಗಂಡ.

"ಮಿಲಿ ಮೇಡಂ..." ಎಂದರು, ಪೆನ್ಸಿಲ್ ಕೆಳಗಿಟ್ಟು.

ಮೇಜಿನ ಮೇಲಿನ ಫೋನ್ ಬಡಿದುಕೊಂಡಿತು. ಯಾರ ಫೋನ್ ಎಂದು ಮೂವರಿಗೂ ಕಂಡಿತು. ಅವಳ ಕೈ ಏಳಲೇ ಇಲ್ಲ. ಐದು ರಿಂಗ್ ಆಯಿತು, ಆರಾಯಿತು.

"ಎತ್ತು ಅಕ್ಕ," ಎಂದ ತಮ್ಮ. ಅವಳ ಭುಜದ ಮೇಲೆ ಕೈಯಿಟ್ಟ. ಆರು ವರ್ಷದಲ್ಲಿ ಮೊದಲ ಸಲ.

ಎಂಟನೇ ರಿಂಗಿಗೆ ಎತ್ತಿ, ಸ್ಪೀಕರ್ ಒತ್ತಿದಳು.

"ಯಾವಾಗ್ಲೂ ಎರಡನೇ ರಿಂಗಿಗೆ ಎತ್ತೋಳು ನೀನು," ಎಂದ ಗಂಡ. ದನಿ ಎಂದಿನ ಹಾಗೆ ಮೆತ್ತಗೇ ಇತ್ತು. "ಇವತ್ತು ಎಂಟಾಯ್ತು. ತಮ್ಮನಿಗೆ ಕೊನೆಗೂ ನಿಜ ಹೇಳಿಬಿಟ್ಟೆ ಅನ್ಸುತ್ತೆ."

ಇನ್‌ಸ್ಪೆಕ್ಟರ್ ಫೋನಿನ ಹತ್ತಿರ ಬಗ್ಗಿದರು.

"ಪಕ್ಕದಲ್ಲಿ ನಿಂತಿರೋ ಇನ್‌ಸ್ಪೆಕ್ಟರ್‌ಗೆ ಹೇಳು, ಬೆಳಿಗ್ಗೆ ನೀನು ಹೇಳ್ತಿದ್ಯಲ್ಲ, ಐದು ಗಂಟೆಗೆ ಆ ದರ್ಜೀನ ಕಳಿಸೋದು, ಅದು ಬೇಡ. ನಲವತ್ತೊಂದು ಮನೆ ವಿಳಾಸಾನೂ ಆಯಾ ಗಂಡಂದಿರ ಕೈ ಸೇರಿದೆ, ಒಂದೂ ಈಗ ಗುಟ್ಟಾಗಿ ಉಳಿದಿಲ್ಲ."

ಲೈನ್ ಕಟ್ಟಾಯಿತು.

ಹೊರಗಿನ ಹಾಲಿನಲ್ಲಿ ಒಂದು ಫೋನ್ ಬಡಿದುಕೊಂಡಿತು. ಅದರ ಬೆನ್ನಿಗೇ ಇನ್ನೊಂದು. ಗುಮಾಸ್ತೆಯರು ಒಂದನ್ನು ಎತ್ತುವಷ್ಟರಲ್ಲಿ ಉಳಿದವೆಲ್ಲ ಒಟ್ಟಿಗೆ ಶುರುವಾದವು.